ಕಿಡಕಿ ಇದ್ದ ಪಾಕೀಟು

ಬಾಗಿಲ ಸೀಳಿನಿಂದ ಟಪಾಲು ಬಿದ್ದ ಸದ್ದು ಕೇಳಿದರೆ ಸಾಕು, ನಾನು ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಓಡುತ್ತೇನೆ. ಹಲ್ಲುಜ್ಜುತ್ತಿದ್ದರೆ ಬ್ರಶ್ಶು ಬಾಯಲ್ಲೇ ಇರುತ್ತದೆ. ಡೋರ್‌ಮ್ಯಾಟಿನ ಮೇಲೆ ನಿಂತೇ ಒಂದೊಂದು ಲಕೋಟೆಯನ್ನೂ ಹರಿದು, ಒಳಗಿನ ಕಾಗದವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ತಿರುಗಿಸಿ ಹಿಂಬದಿಯನ್ನೂ ನೋಡಿ, ಆಮೇಲೆ ಉಸಿರು ಬಿಡುತ್ತೇನೆ. ಕಾರ್ಪೆಟ್ ತೊಳೆಯುವವರ ಕರಪತ್ರಕ್ಕೂ ಇದೇ ಮರ್ಯಾದೆ. "ಏನ್ರೀ, ಸರ್ಕಾರದವರು ಪ್ರಶಸ್ತಿ ಗಿಶಸ್ತಿ ಕಳಿಸಿದಾರಾ?" ಎಂದು ಅಡುಗೆಮನೆಯಿಂದ ವೀಣಾ ಕೇಳುತ್ತಾಳೆ. ವೀಣಾ ನನ್ನ ಹೆಂಡತಿ, ಮೈಸೂರಿನವಳು. ಅವಳು ಚುಚ್ಚಿದರೂ ಸೂಜಿಗೆ ಬೆಲ್ಲ ಸವರಿರುತ್ತಾಳೆ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ಐದು ವರ್ಷದ ಹಿಂದೆ, ನನ್ನ ಮಗಳು ಹುಟ್ಟಿದ ದಿನಗಳಲ್ಲಿ, ಒಂದು ಲಕೋಟೆಯನ್ನು ಒಡೆಯದೆ ಬಿಟ್ಟಿದ್ದೆ. ಅದರ ಕತೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ. ಹೇಳುತ್ತ ಹೇಳುತ್ತ ನನಗೆ ಅನುಕೂಲವಾದ ಕಡೆ ತಿರುಗಿಸಿಬಿಡುತ್ತೇನೋ ಎಂಬ ಅಂಜಿಕೆಯಿಂದ ಮುಂದೂಡುತ್ತಲೂ ಬಂದಿದ್ದೇನೆ.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಕೇಳದವರಿಗೂ ಇದನ್ನು ಹೇಳುವ ಅಭ್ಯಾಸ ನನಗಿದೆ, ನೀವಂತೂ ಓದಲು ಕುಳಿತಿದ್ದೀರಿ. ಅಪ್ಪ ಬನಹಟ್ಟಿಯಲ್ಲಿ ಕೈಮಗ್ಗದ ನೇಕಾರ. ಹೆಬ್ಬೆಟ್ಟಿನ ಮನುಷ್ಯ. ಐದನೆಯ ಇಯತ್ತೆಗೆ ಬರುವ ಹೊತ್ತಿಗೆ ನಾನು ಇಡೀ ಓಣಿಯ ಕಾಗದ ಓದುವವನಾಗಿದ್ದೆ. ಮಿಲಿಟರಿಯಲ್ಲಿದ್ದ ಮಗನ ಇನ್‌ಲ್ಯಾಂಡ್ ಪತ್ರ, ಸೊಸೈಟಿಯ ನೋಟೀಸು, ಸೋಲಾಪುರದಿಂದ ಬಂದ ಹೆಣ್ಣು ನೋಡುವ ಕಾಗದ, ಎಲ್ಲ ನನ್ನ ಮುಂದೆ ಬರುತ್ತಿದ್ದವು. ಓದುವ ಮೊದಲು ಗಂಟಲು ಸರಿಮಾಡಿಕೊಳ್ಳುವುದನ್ನು ಆಗಲೇ ಕಲಿತಿದ್ದೆ. ಕೆಟ್ಟ ಸುದ್ದಿ ಇದ್ದರೆ ಆ ಸಾಲನ್ನು ನುಂಗಿ ಮುಂದಿನ ಸಾಲಿಗೆ ಹಾರುತ್ತಿದ್ದೆ. ಓದು ಬಂದವನ ಕೈಯಲ್ಲಿ ಎಷ್ಟು ಅಧಿಕಾರವಿರುತ್ತದೆ ಎಂಬುದರ ರುಚಿ ನನಗೆ ಹತ್ತು ವರ್ಷಕ್ಕೇ ಹತ್ತಿತ್ತು.

ನನಗಿಂತ ನಾಲ್ಕು ವರ್ಷ ದೊಡ್ಡವಳು ನೀಲಕ್ಕ. ನಾನು ಒಂದನೆಯ ಇಯತ್ತೆಗೆ ಸೇರಿದ ವರ್ಷವೇ ಅವಳನ್ನು ನಾಲ್ಕನೆಯ ಇಯತ್ತೆಗೆ ಬಿಡಿಸಿದರು. ಗುರುಗಳು ಮನೆಗೆ ಬಂದು, "ಹುಡುಗಿ ಶಾಣ್ಯಾ ಅದಾಳರಿ, ಬಿಡಿಸಬ್ಯಾಡ್ರಿ" ಎಂದರು. ಅಪ್ಪ ಮಗ್ಗದ ಕುಣಿಯಲ್ಲಿ ಕುಳಿತೇ, "ಇಬ್ಬರೂ ಸಾಲಿಗೆ ಹೋದ್ರ ಕಂಡಿಕಿ ಯಾರ ಸುತ್ತಬೇಕರಿ?" ಎಂದು ಕೇಳಿದ. ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಅದಿಲ್ಲದೆ ಮಗ್ಗ ನಡೆಯದು, ಮಗ್ಗ ನಡೆಯದೆ ನನ್ನ ಪಾಟಿಚೀಲ ಬರದು. ಅಕ್ಕ ರಾಟಿಯ ಮುಂದೆ ಕುಳಿತಳು. ನನಗೆ ಇಂಗ್ಲಿಷ್ ಶುರುವಾದಾಗ, "ಇವತ್ತೇನ ಕಲಿಸಿದ್ರು, ನನಗೂ ಹೇಳೋ" ಎಂದು ಬೆನ್ನು ಬಿದ್ದಳು. ರಾಟಿ ತಿರುಗಿಸುತ್ತಲೇ ನೆಲದ ಮೇಲೆ ಸೀಮೆಸುಣ್ಣದಿಂದ ತಿದ್ದಿದಳು. ಏಳು ಅಕ್ಷರ ಕಲಿಸಿದೆ. ಎಂಟನೆಯದಕ್ಕೆ ಬರುವಷ್ಟರಲ್ಲಿ ನನಗೆ ಬೇಸರ ಬಂದು ಗೋಲಿ ಆಡಲು ಹೋದೆ. ಅಲ್ಲಿಗೆ ಅವಳ ಇಂಗ್ಲಿಷ್ ವಿದ್ಯಾಭ್ಯಾಸ ಮುಗಿಯಿತು.

ಹೀಗಾಗಿ ನಾನು ಫಾರ್ಮಸಿ ಓದಿದೆ, ಲೀಡ್ಸಿಗೆ ಎಂ.ಎಸ್ಸಿ.ಗೆ ಬಂದೆ, ಅಲ್ಲಿನ ಹೆಡಿಂಗ್ಲೀ ಬಡಾವಣೆಯ ಸಾಲುಮನೆಯೊಂದರಲ್ಲಿ ಐದು ಜನರ ಜತೆ ಒಂದೇ ಫ್ರಿಜ್ಜು ಹಂಚಿಕೊಂಡು ಪಾಸಾದೆ, ಮ್ಯಾಕಲ್ಸ್‌ಫೀಲ್ಡಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ ಹಿಡಿದೆ. ನನ್ನ ವಿಭಾಗದಲ್ಲಿ ಮೊದಲ ದಿನವೇ ಹೇಳಿಕೊಡುವ ಮಾತು ಒಂದೇ: ಬರೆಯದೆ ಇದ್ದದ್ದು ನಡೆದೇ ಇಲ್ಲ. ಪುಡಿ ತೂಗಿದ್ದನ್ನು ಬರೆಯಬೇಕು, ಬರೆದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ಎಂಟು ವರ್ಷ ಈ ಕೆಲಸ ಮಾಡಿ, ಕಾಗದದ ವಿಷಯದಲ್ಲಿ ನನ್ನಿಂದ ತಪ್ಪಾಗುವುದು ಸಾಧ್ಯವೇ ಇಲ್ಲ ಎಂಬ ನಂಬಿಕೆ ನನ್ನೊಳಗೆ ಗಟ್ಟಿಯಾಗಿ ಕುಳಿತುಬಿಟ್ಟಿತ್ತು.

ವೀಣಾಳ ಬಾಣಂತನಕ್ಕೆ ಅವಳ ತಾಯಿ ಬರುವುದೆಂದಾಗಿತ್ತು. ಅವರಿಗೆ ಮಂಡಿಯ ಆಪರೇಶನ್ ಆಯಿತು. ನೀಲಕ್ಕ, ತನ್ನ ಗಂಡನನ್ನೂ ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳನ್ನೂ ಬಿಟ್ಟು, ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿ ಮ್ಯಾಂಚೆಸ್ಟರಿಗೆ ಬಂದಿಳಿದಳು. ಸೂಟ್‌ಕೇಸಿನಲ್ಲಿ ಅವಳ ಬಟ್ಟೆಗಿಂತ ಬಾಣಂತಿಗೆ ಕೊಡುವ ಅಂಟಿನುಂಡಿ ಹೆಚ್ಚಿತ್ತು.

ಹೆರಿಗೆಗೆ ಇನ್ನೂ ಮೂರು ವಾರವಿತ್ತು. ಒಂದು ಶನಿವಾರ ಅವಳನ್ನು ನಮ್ಮೂರಿನ ಹಳೆಯ ರೇಷ್ಮೆ ಗಿರಣಿಗೆ ಕರೆದೊಯ್ದೆ. ಮ್ಯಾಕಲ್ಸ್‌ಫೀಲ್ಡ್ ಒಂದು ಕಾಲಕ್ಕೆ ನೇಕಾರರ ಊರು, ಆ ಗಿರಣಿ ಈಗ ಮ್ಯೂಸಿಯಂ. ಬೆಳ್ಳಿಕೂದಲಿನ ಮಹಿಳೆಯೊಬ್ಬರು ಮಗ್ಗ ನಡೆಸಿ ತೋರಿಸುತ್ತಿದ್ದರು. ಸೀರೆಯ ಮೇಲೆ ನನ್ನ ಹಳೆಯ ಸ್ವೆಟರು, ಅದರ ಮೇಲೆ ವೀಣಾಳ ಕೋಟು ಹಾಕಿಕೊಂಡು ನಿಂತಿದ್ದ ಅಕ್ಕನನ್ನು ಜನ ನೋಡುತ್ತಿದ್ದರು. ನನಗೆ ಸ್ವಲ್ಪ ಮುಜುಗರವೂ ಆಗುತ್ತಿತ್ತು. ಅಕ್ಕ ಮೆಲ್ಲಗೆ, "ತಮ್ಮಾ, ಆ ಬಾಯಾರಿಗೆ ಹೇಳು, ಬಲಗಡಿ ಒಂದೆಳಿ ಹರದೈತಿ" ಎಂದಳು. ಹೇಳಿದೆ. ಆಕೆ ಕನ್ನಡಕ ಏರಿಸಿ ಬಗ್ಗಿ ಹುಡುಕಿದರು. ಹರಿದಿತ್ತು. ಕೊನೆಗೆ ಅಕ್ಕನೇ ಕೈ ಚಾಚಿ ಎರಡು ಬೆರಳಲ್ಲಿ ಗಂಟು ಹಾಕಿದಳು. ಗಂಟು ಎಲ್ಲಿದೆ ಎಂದು ಆಮೇಲೆ ಯಾರಿಗೂ ಕಾಣಲಿಲ್ಲ. "ಇವರನ್ನು ಇಲ್ಲೇ ಬಿಟ್ಟು ಹೋಗ್ತೀರಾ?" ಎಂದು ಆಕೆ ನನ್ನನ್ನು ಕೇಳಿದರು. ದಾರಿಯುದ್ದಕ್ಕೂ ಅಕ್ಕ ಅದನ್ನೇ ಹೇಳಿಸಿಕೊಂಡು ನಕ್ಕಳು.

ಮನೆಗೆ ಬರುವ ಟಪಾಲನ್ನು ಎತ್ತಿಡುವ ಕೆಲಸ ಅವಳೇ ವಹಿಸಿಕೊಂಡಳು. ನಾನು ನಿಯಮ ಮಾಡಿಕೊಟ್ಟೆ. ವಿಳಾಸ ಕಾಣಲೆಂದು ಪ್ಲಾಸ್ಟಿಕ್ಕಿನ ಪುಟ್ಟ ಕಿಟಕಿ ಇರುವ ಲಕೋಟೆಯಾದರೆ ಕೆಲಸದ್ದು, ಫ್ರಿಜ್ಜಿನ ಮೇಲೆ ಇಡಬೇಕು. ಬಣ್ಣಬಣ್ಣದ ಬಿಡಿ ಕಾಗದವಾದರೆ ರಿಸೈಕ್ಲಿಂಗ್ ಡಬ್ಬಿಗೆ. ಅಕ್ಕನ ಬಾಯಲ್ಲಿ ಕಿಟಕಿ ಎಂದರೆ ಕಿಡಕಿ, ಲಕೋಟೆ ಎಂದರೆ ಪಾಕೀಟು. ಸಂಜೆ ನಾನು ಬೂಟು ಬಿಚ್ಚುವಾಗಲೇ ವರದಿ ಬರುತ್ತಿತ್ತು: "ಇವತ್ತ ಕಿಡಕಿ ಇದ್ದ ಪಾಕೀಟು ಎರಡು, ಕಿಡಕಿ ಇಲ್ಲದ್ದು ಒಂದು. ಅದರಾಗ ಏನೋ ಗಟ್ಟಿ ಕಾಗದ ಹತ್ತಿತು, ಅದನ್ನೂ ಮ್ಯಾಲೇ ಇಟ್ಟೀನಿ." ನಮ್ಮ ಕಾರ್ಖಾನೆಯ ದಾಖಲೆ ವಿಭಾಗಕ್ಕೆ ಸೇರಿಸಬಹುದಾದ ಹೆಣ್ಣುಮಗಳು.

ಮಗಳು ಹುಟ್ಟಿದಳು. ಮೂರು ವಾರ ಕಳೆಯಿತು. ಒಂದು ದಿನ ಮತ್ತೊಂದು ಕಿಟಕಿಯ ಲಕೋಟೆ ಬಂತು. ಜ್ಯೂರಿ ಕೆಲಸಕ್ಕೆ ನಿಮ್ಮನ್ನು ಕರೆದು ಸಮನ್ಸ್ ಕಳಿಸಿದ್ದೆವು, ಉತ್ತರ ಬಂದಿಲ್ಲ, ಹೀಗೇ ಸುಮ್ಮನಿದ್ದರೆ ದಂಡ ಬೀಳಬಹುದು ಎಂದು ಅದರಲ್ಲಿ ಬರೆದಿತ್ತು.

ಜ್ಯೂರಿ ಎಂದರೆ ಕೋರ್ಟಿನಲ್ಲಿ ಕುಳಿತು ಕೇಸು ಕೇಳಿ ತೀರ್ಪು ಕೊಡುವ ಹನ್ನೆರಡು ಜನ ಸಾಮಾನ್ಯರು. ನಾನು ಆಗ ಇನ್ನೂ ಇಂಡಿಯಾದ ಪಾಸ್‌ಪೋರ್ಟಿನವನು. ನನ್ನನ್ನೇಕೆ ಜ್ಯೂರಿಗೆ ಕರೆಯುತ್ತಾರೆ ಎಂದು ಮೊದಲು ನಗು ಬಂತು. ವಿಚಾರಿಸಿದಾಗ ತಿಳಿಯಿತು: ಕಾಮನ್‌ವೆಲ್ತ್ ದೇಶದವರಿಗೂ ಇಲ್ಲಿ ವೋಟು ಇದೆ, ವೋಟರ್ ಪಟ್ಟಿಯಲ್ಲಿ ಹೆಸರಿದ್ದು ಕೆಲವು ವರ್ಷ ಇಲ್ಲಿ ನೆಲೆಸಿದ್ದರೆ ಈ ಕರೆಯೂ ಬರಬಹುದು. ಆ ತಿಂಗಳೇ ನಾನು ಇಲ್ಲಿನ ಪೌರತ್ವದ ಅರ್ಜಿ ತುಂಬುತ್ತಿದ್ದೆ. ನಡತೆ ಒಳ್ಳೆಯದೇ, ಕೋರ್ಟು ದಂಡ ಏನಾದರೂ ಇದೆಯೇ ಎಂದು ಅದರಲ್ಲಿ ಕೇಳುತ್ತಾರೆ. ಹೆಬ್ಬೆಟ್ಟಿನ ಮನೆಯಿಂದ ಇಲ್ಲಿಯವರೆಗೆ ಬಂದವನು ಇಷ್ಟರಲ್ಲಿ ಎಡವುವುದೇ ಎಂದುಕೊಂಡು ಹುಡುಕತೊಡಗಿದೆ.

ಆ ಮೊದಲ ಕಾಗದ ಫ್ರಿಜ್ಜಿನ ಮೇಲಿರಲಿಲ್ಲ. ನಾನು ಮೆಟ್ಟಿಲೇರಿ ಬಚ್ಚಲಿಗೆ ಹೋದೆ. ಅಕ್ಕ ಬಾತ್‌ಟಬ್ಬಿನೊಳಗೆ ಕಾಲು ಚಾಚಿ ಕುಳಿತು, ಮಗುವನ್ನು ಮೊಳಕಾಲ ಮೇಲೆ ಬೋರಲು ಹಾಕಿಕೊಂಡು ನೀರು ಹಾಕುತ್ತಿದ್ದಳು.

"ಅಕ್ಕಾ, ಕೋರ್ಟಿನಿಂದ ಒಂದು ಸಮನ್ಸ್ ಬಂದಿತ್ತಂತ. ಎಲ್ಲಿ ಅದು?"

ಅವಳ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು. ನಮ್ಮೂರಲ್ಲಿ ಜ್ಯೂರಿ ಎಂಬ ಮಾತು ಯಾರಿಗೂ ಗೊತ್ತಿಲ್ಲ, ಸಮನ್ಸ್ ಎಂಬುದು ಎಲ್ಲರಿಗೂ ಗೊತ್ತು. ಅದು ಬರುವುದು ಏನೋ ಮಾಡಿದವರಿಗೆ. ಕೋರ್ಟಿನ ಬೇಲೀಫ ಓಣಿಗೆ ಬಂದನೆಂದರೆ ಗಂಡಸರು ಹಿತ್ತಲ ಗೋಡೆ ಹಾರುತ್ತಿದ್ದರು. ಸಿಗದಿದ್ದರೆ ಅವನು ಬಾಗಿಲಿಗೆ ಅಂಟಿಸಿ ಹೋಗುತ್ತಿದ್ದ, ಆಮೇಲೆ ಆ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ಇದನ್ನೆಲ್ಲ ಬಲ್ಲ ನಾನು ಆಗ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ.

"ನಿನ್ನ ಮ್ಯಾಲೆ ಯಾರ ಕೇಸ್ ಹಾಕ್ಯಾರೋ ತಮ್ಮಾ?"

"ಕೇಸ್ ಅಲ್ಲ ಅದು. ಆ ಕಾಗದ ಎಲ್ಲಿ ಒಗದಿ ಹೇಳು ಮೊದಲ."

"ಕಿಡಕಿ ಇದ್ದದ್ದು ಒಂದೂ ನಾ ಒಗದಿಲ್ಲಪಾ. ಎಲ್ಲಾ ಮ್ಯಾಲೇ ಇಟ್ಟೀನಿ."

"ಇಟ್ಟಿದ್ರ ಇರ್ತಿತ್ತಲ್ಲ? ಓದಾಕ ಬರದವರು ಕಾಗದಕ್ಕ ಕೈ ಹಚ್ಚಬಾರದು ನೋಡಕ್ಕಾ."

ಬಚ್ಚಲಲ್ಲಿ ಮಾತು ಗಟ್ಟಿಯಾಗಿ ಕೇಳುತ್ತದೆ. ಪಕ್ಕದ ಕೋಣೆಯಲ್ಲಿ ಮಲಗಿದ್ದ ವೀಣಾ, "ರೀ, ಸಾಕು ಬನ್ನಿ ಇಲ್ಲಿ" ಎಂದಳು. ಅಕ್ಕ ಮಗುವಿನ ಕಣ್ಣಿಗೆ ನೀರು ಹೋಗದಂತೆ ಹಣೆಯ ಮೇಲೆ ಅಂಗೈ ಅಡ್ಡ ಹಿಡಿದು ಉಳಿದ ನೀರನ್ನು ಹಾಕಿ ಮುಗಿಸಿದಳು.

ಅವಳಿಗೆ ಓದಲು ಬರುತ್ತದೆ, ಗೊತ್ತೇ? ಕನ್ನಡ ಚೆನ್ನಾಗಿಯೇ ಬರುತ್ತದೆ. ನಿಧಾನ, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾಳೆ, ಅಷ್ಟೇ. ನನ್ನ ಆ ಮಾತು ಬರೀ ಕಟುವಲ್ಲ, ಸುಳ್ಳು ಕೂಡ.

ಅಂದೇ ಅವರಿಗೆ ಉತ್ತರ ಬರೆದೆ. ಫಾರ್ಮು ತುಂಬಿ ಜತೆಗೆ ಒಂದು ಕಾಗದ ಲಗತ್ತಿಸಿದೆ: ನನ್ನ ಮನೆಯಲ್ಲಿ ತಂಗಿರುವ ನನ್ನ ಅಕ್ಕನಿಗೆ ಓದುಬರಹ ಬಾರದು, ನಿಮ್ಮ ಮೊದಲ ಪತ್ರವನ್ನು ಆಕೆ ತಿಳಿಯದೆ ಎಸೆದಿದ್ದಾಳೆ, ಇದಕ್ಕಾಗಿ ನಾನು ತೀವ್ರವಾಗಿ ವಿಷಾದಿಸುತ್ತೇನೆ. ಒಳ್ಳೆಯ ಇಂಗ್ಲಿಷಿನಲ್ಲಿ ಬರೆದಿದ್ದೆ. ಎರಡು ಸಲ ಓದಿ ನನಗೇ ಮೆಚ್ಚಿಕೆಯಾಯಿತು. ಊಟಕ್ಕೆ ಕುಳಿತಾಗ ಅಕ್ಕ ರೊಟ್ಟಿ ಹಾಕುತ್ತ ಕೇಳಿದಳು.

"ಏನಂತ ಬರದಿ?"

"ನಿನಗ ಗೊತ್ತಾಗಲಿಲ್ಲ ಅಂತ ಬರದೀನಿ."

"ನನ್ನ ಹೆಸರ ಹಾಕೀಯೇನು?"

"ಹೆಸರ ಇಲ್ಲ. ನಮ್ಮಕ್ಕ ಅಂತ ಅಷ್ಟ."

ಅವಳು ಇನ್ನೊಂದು ರೊಟ್ಟಿ ಹಾಕಿದಳು. "ಬೇಕಾದ್ರ ಹೆಸರ ಹಾಕು. ಕರಕೊಂಡ ಹೋಗು ಅಂದ್ರ ಬರ್ತೀನಿ. ಸಾಹೇಬರ ಮುಂದ ನಂದ ತಪ್ಪು ಅಂತ ಹೇಳತೀನಿ, ನನಗ ಅಂಜಿಕಿಲ್ಲ. ನಿನಗೊಂದ ಏನೂ ಆಗಬಾರದು."

ಹೀಗೆ ಹೇಳಿದ ಮೇಲಾದರೂ ನನಗೆ ನಾಚಿಕೆ ಆಗಬೇಕಿತ್ತು. ಆಗ ಆದದ್ದು ಸಮಾಧಾನ. ನೋಡು, ಅವಳೇ ಒಪ್ಪಿಕೊಂಡಳು ಅಂದುಕೊಂಡೆ.

ಮರುದಿನದಿಂದ ಅವಳು ಟಪಾಲು ಮುಟ್ಟಲಿಲ್ಲ. ಲಕೋಟೆಗಳು ಡೋರ್‌ಮ್ಯಾಟಿನ ಮೇಲೆ ಬಿದ್ದಲ್ಲೇ ಬಿದ್ದಿರುತ್ತಿದ್ದವು. ಮಗುವನ್ನು ಎತ್ತಿಕೊಂಡು ಓಡಾಡುವಾಗ ಸೀರೆಯ ನಿರಿಗೆ ಎತ್ತಿ ಅವುಗಳನ್ನು ದಾಟುತ್ತಿದ್ದಳು. ಪೀಟ್ಜಾದವರ ಕಾಗದವನ್ನೂ ಮುಟ್ಟುತ್ತಿರಲಿಲ್ಲ. "ಟಪಾಲ ಬಂದೈತಿ ನೋಡವಾ" ಎಂದು ವೀಣಾಳಿಗೆ ಹೇಳುತ್ತಿದ್ದಳು, ನನಗಲ್ಲ. ಬಾಣಂತನ ಮುಗಿಸಿ, ಮಗುವಿಗೆ ಕಿವಿ ಚುಚ್ಚಿಸುವ ವಿಷಯ ವೀಣಾಳಿಗೆ ಹತ್ತು ಸಲ ಜ್ಞಾಪಿಸಿ, ಅಳುತ್ತ ಊರಿಗೆ ಹೋದಳು. ಏರ್‌ಪೋರ್ಟಿನಲ್ಲಿ ನನ್ನ ತಲೆ ಸವರಿ, "ಆ ಕೋರ್ಟಿನದು ಏನಾತು ಅಂತ ಫೋನ್ ಮಾಡು" ಎಂದಳು.

ಕೋರ್ಟಿನವರು ಸಭ್ಯರು. ಮಗು ಚಿಕ್ಕದೆಂದು ಮೂರು ತಿಂಗಳು ಮುಂದಕ್ಕೆ ಹಾಕಿಕೊಟ್ಟರು. ದಂಡದ ಮಾತೇ ಎತ್ತಲಿಲ್ಲ. "ಪುಸ್ತಕ ಒಯ್ಯಿ ಮಾರಾಯ, ಕಾಯುವುದೇ ಹೆಚ್ಚು" ಎಂದು ಕಾರ್ಖಾನೆಯ ಗೆಳೆಯ ಕೀತ್ ಹೇಳಿದ್ದ. ಹೊರಡುವ ದಿನ ಬೆಳಿಗ್ಗೆ ಪುಸ್ತಕ, ಊಟದ ಡಬ್ಬಿ, ಛತ್ರಿ ಹಿಡಿಸುವ ಚೀಲ ಹುಡುಕುತ್ತ ಮೆಟ್ಟಿಲ ಕೆಳಗಿನ ಗೂಡಿಗೆ ಕೈ ಹಾಕಿದೆ. ಹೆರಿಗೆಗೆ ಒಯ್ದಿದ್ದ ಬ್ಯಾಗು ಸಿಕ್ಕಿತು. ಪಕ್ಕದ ಜಿಪ್ಪಿನಲ್ಲಿ ಮೂರು ಲಕೋಟೆಗಳಿದ್ದವು. ಒಂದು ಕೌನ್ಸಿಲ್ ಟ್ಯಾಕ್ಸಿನದು, ಒಂದು ಹಲ್ಲಿನ ಡಾಕ್ಟರದು. ಮೂರನೆಯದು ಸಮನ್ಸು. ಮೂರಕ್ಕೂ ಕಿಟಕಿ ಇತ್ತು.

ಆಗ ಎಲ್ಲ ನೆನಪಾಯಿತು. ವೀಣಾಳಿಗೆ ನೋವು ಶುರುವಾದ ದಿನ, ಆಸ್ಪತ್ರೆಯಲ್ಲಿ ಕಾಯುವಾಗ ನೋಡೋಣವೆಂದು ಫ್ರಿಜ್ಜಿನ ಮೇಲಿನ ಕಾಗದಗಳನ್ನು ನಾನೇ ಬಾಚಿ ತುರುಕಿದ್ದೆ. ಅಕ್ಕನೇ ಜಿಪ್ಪು ಎಳೆದು ಕೊಟ್ಟಿದ್ದಳು. ಬೈದ ದಿನ ಇದು ನನಗೆ ನೆನಪಿರಲಿಲ್ಲ ಎಂದು ಹೇಳಿ ಪಾರಾಗಬಹುದು. ನಿಜ ಹೇಳಬೇಕೆಂದರೆ ನಾನು ನೆನಪು ಮಾಡಿಕೊಳ್ಳಲು ಹೋಗಲೇ ಇಲ್ಲ. ಮನೆಯಲ್ಲಿ ಒಬ್ಬಳು ಓದಿದವಳಲ್ಲ, ಒಬ್ಬ ಎಂ.ಎಸ್ಸಿ. ತಪ್ಪು ಯಾರದೆಂದು ಹುಡುಕುವುದೇನಿದೆ.

ಎರಡು ರೈಲು ಬದಲಿಸಿ ಕೋರ್ಟಿದ್ದ ಚೆಸ್ಟರ್ ಮುಟ್ಟಿದೆ. ಯಾವ ಗ್ರಂಥ ಮುಟ್ಟಿ ಪ್ರಮಾಣ ಮಾಡುತ್ತೀರಿ ಎಂದು ಕೇಳಿದರು. ಇಷ್ಟಲಿಂಗ ಕಟ್ಟುವ ಮನೆಯಿಂದ ಬಂದವನಿಗೆ ಅವರ ಮೇಜಿನ ಮೇಲಿದ್ದ ಪುಸ್ತಕಗಳಲ್ಲಿ ಯಾವುದೂ ತನ್ನದೆನಿಸಲಿಲ್ಲ. ಬರೀ ಬಾಯಿಮಾತಿನಲ್ಲಿ ಹೇಳುತ್ತೇನೆ ಎಂದೆ. ಸಾಕ್ಷ್ಯಕ್ಕೆ ಅನುಸಾರವಾಗಿ ಸತ್ಯವಾದ ತೀರ್ಪು ಕೊಡುತ್ತೇನೆ ಎಂದು ಓದುವಾಗ ನಾನು ಅದೇ ಸಾಲನ್ನು ಯಾಕೆ ಎರಡು ಸಲ ಓದಿದೆನೆಂದು ಪಕ್ಕದವರಿಗೆ ತಿಳಿದಿರಲಾರದು. ಒಳಗೆ ನಾವು ಹನ್ನೆರಡು ಜನ ಏನು ಮಾತಾಡಿದೆವೆಂದು ಹೇಳುವಂತಿಲ್ಲ. ನ್ಯಾಯಾಧೀಶರು ಹೇಳಿದ್ದನ್ನು ಹೇಳಬಹುದು: ಊಹೆ ಮಾಡಬೇಡಿ, ಆರೋಪಿ ನೋಡಲು ಹೇಗಿದ್ದಾನೆ, ಎಷ್ಟು ಓದಿದ್ದಾನೆ ಎಂಬುದರಿಂದ ತೀರ್ಮಾನಿಸಬೇಡಿ. ಗಾಜಿನ ಹಿಂದೆ ಕುಳಿತಿದ್ದ ಗುರುತಿಲ್ಲದ ಒಬ್ಬನಿಗಾಗಿ ನಾನು ಎಂಟು ದಿನ ಕಿವಿಗೊಟ್ಟು ಕುಳಿತೆ. ನನ್ನ ಅಕ್ಕನಿಗೆ ಎಂಟು ನಿಮಿಷ ಕೊಟ್ಟಿರಲಿಲ್ಲ.

ಮುಗಿದ ಮೇಲೆ ಫೋನ್ ಮಾಡಿದೆ. ಹಿಂದೆ ಅವರ ಮನೆಯ ಪಾವರ್‌ಲೂಮ್ ಬಡಿಯುತ್ತಿತ್ತು.

"ಅಕ್ಕಾ, ಆ ಕಾಗದ ಸಿಕ್ತು. ನನ್ನ ಬ್ಯಾಗಿನಾಗ ಇತ್ತು. ನಾನ ಹಾಕಿದ್ದೆ."

ಸ್ವಲ್ಪ ಮಗ್ಗ ನಿಲ್ಲಿಸು ಎಂದು ಅವಳು ಯಾರಿಗೋ ಕೂಗಿ ಹೇಳಿದಳು.

"ಸಿಕ್ತಲ್ಲ, ಚಲೋ ಆತು" ಎಂದಳು. ಆಮೇಲೆ, "ಅವರಿಗೆ ಹೇಳಿದಿ?"

"ಯಾರಿಗೆ?"

"ಆ ಕೋರ್ಟಿನವರಿಗೆ. ನಮ್ಮಕ್ಕ ಒಗದಿಲ್ಲ ಅಂತ."

ನಾನು ಹೇಳಿರಲಿಲ್ಲ. ಅವರಿಗೆ ಅದು ಬೇಕಾಗಿರಲೂ ಇಲ್ಲ. ಅಕ್ಕನಿಗೆ ಅಷ್ಟು ಹೇಳಿದ್ದರೆ ಸಾಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಹೂಂ. ಬರದ ಕೊಟ್ಟೀನಿ."

"ಹಂಗಾರ ಆತ ಬಿಡು" ಎಂದಳು. ದನಿ ಹಗುರಾಗಿತ್ತು. ಕೂಸಿಗೆ ಹಲ್ಲು ಬಂದವೇ ಎಂದು ಕೇಳಲು ಶುರು ಮಾಡಿದಳು.

ಮುಂದಿನ ಬೇಸಿಗೆಯಲ್ಲಿ ಊರಿಗೆ ಹೋದೆವು. ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಪಕ್ಕದ ಮನೆಯ ಗಂಗವ್ವಾಯಿ ಎಲೆ ಅಡಿಕೆ ಹಾಕುತ್ತ, "ಏನೋ, ನಿಮ್ಮಕ್ಕನ ಸಲುವಾಗಿ ರಾಣಿ ಕೋರ್ಟಿಗೆ ಕಾಗದ ಬರದೀಯಂತ?" ಎಂದು ಕೇಳಿದಳು. "ನಮ್ಮಕ್ಕಂದು ತಪ್ಪಿಲ್ಲ, ಎಲ್ಲಾ ನಂದ ತಪ್ಪು ಅಂತ ಇಂಗ್ಲೀಷಿನಾಗ ಬರದ ಕೊಟ್ಟನಂತ. ಓಣಿಗೆಲ್ಲಾ ಹೇಳ್ಯಾಳ ಇಕಿ. ಓದಿದ್ರ ಹಿಂಗ ಓದಬೇಕು ನೋಡು."

ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ನಾನು ತಲೆಯಾಡಿಸಿದೆ.

ಮ್ಯಾಕಲ್ಸ್‌ಫೀಲ್ಡಿಗೆ ಮರಳಿದ ವಾರವೇ ನಿಜವಾಗಿಯೂ ಬರೆದೆ. ಕಾಗದ ಎಸೆದವಳು ನನ್ನ ಅಕ್ಕನಲ್ಲ, ಅದು ನನ್ನ ಬಳಿಯೇ ಇತ್ತು, ಆಕೆ ಓದುಬರಹ ಬಲ್ಲವಳು, ನನ್ನ ಹಿಂದಿನ ಪತ್ರವನ್ನು ದಯವಿಟ್ಟು ತಿದ್ದಿಕೊಳ್ಳಿ. ಈ ಸಲ ಇಂಗ್ಲಿಷಿಗೆ ಒಪ್ಪ ಹಾಕಲು ಹೋಗಲಿಲ್ಲ. ಕೆಲವು ವಾರಗಳ ಮೇಲೆ ಚಿಕ್ಕ ಉತ್ತರ ಬಂತು. ನಿಮ್ಮ ಸೇವೆಗೆ ವಂದನೆಗಳು, ಆ ವಿಷಯ ಮುಗಿದಿದೆ, ಆಗಿನ ಪತ್ರಗಳನ್ನು ನಾವು ಇಟ್ಟುಕೊಂಡಿಲ್ಲ, ತಿದ್ದಬೇಕಾದದ್ದು ಏನೂ ಇಲ್ಲ.

ನಾನು ಅಕ್ಕನ ಮೇಲೆ ಹೊರಿಸಿದ ತಪ್ಪು ಬರೆದಿದ್ದ ಕಾಗದ ಈಗ ಎಲ್ಲೂ ಇಲ್ಲ. ಆ ತಪ್ಪನ್ನು ಇಳಿಸಲು ಜಾಗವೂ ಇಲ್ಲ. ಫೋನಿನಲ್ಲಿ ಹೇಳಿದ ಸುಳ್ಳನ್ನು ಒಡೆಯೋಣವೆಂದರೆ ಓಣಿಯ ಮುಂದೆ ಅವಳು ತಲೆ ಎತ್ತಿ ಹೇಳಿಕೊಂಡ ಮಾತು ಅದು. ಕಳೆದ ವಾರ ಮಾತಾಡುವಾಗ, ಇಷ್ಟು ವರ್ಷದ ಮೇಲೆ, ಅವಳೇ ಕೇಳಿದಳು.

"ಅಲ್ಲೋ ತಮ್ಮಾ, ಆ ಕೋರ್ಟಿನವರು ನನ್ನ ವಿಷಯಕ್ಕ ತಿರುಗಿ ಏನರ ಬರದ್ರೇನು?"

"ಇಲ್ಲಕ್ಕಾ. ನಿನ್ನ ವಿಷಯಕ್ಕ ಏನೂ ಬರದಿಲ್ಲ."

"ಬರಿಯೂದಿಲ್ಲ ಬಿಡು" ಎಂದಳು ನೆಮ್ಮದಿಯಿಂದ. "ತಪ್ಪ ಇಲ್ಲದವರಿಗೆ ಯಾಕ ಬರೀತಾರ ಅವರು?"